ಕೆಂಪು ಚೌಕದ ಪಾಳಿ

ಆ ಬರಗಾಲದ ವರ್ಷ ಅಪ್ಪ, ಅವ್ವ ಮೇವು ಹುಡುಕುತ್ತ ಔರಾದದಿಂದ ಕುರಿ ಹೊಡೆದುಕೊಂಡು ಗಡಿಯಾಚೆ ಹೋದರು. ನನ್ನನ್ನು ಭಾಲ್ಕಿಯಲ್ಲಿ ಸೋದರತ್ತೆಯ ಮನೆಯಲ್ಲಿ ಬಿಟ್ಟರು. ಪಿಯುಸಿ ಮುಗಿದಿತ್ತು. ದಿನಾ ಬಸ್ಸಿನಲ್ಲಿ ಬೀದರಿಗೆ ಹೋಗಿ ಕಂಪ್ಯೂಟರ್ ಕ್ಲಾಸಿನಲ್ಲಿ ಕೂರುತ್ತಿದ್ದೆ. ಜೊತೆಗಿದ್ದ ಅರ್ಧ ಮಂದಿ ಮನೆಯವರ ಸಂಗಡ ದುಡಿಯಲು ಹೈದರಾಬಾದಿಗೆ ಹೋಗಿದ್ದರಿಂದ ಕಂಪ್ಯೂಟರುಗಳೆಲ್ಲ ಖಾಲಿ.

"ಸುಮ್ನ ಟೈಪಿಂಗ್ ಯಾಕ ಕುಟ್ಟತಿ? ಕಂಪ್ಯೂಟರಿನಾಗ ಆಡೋ ಒಂದು ಆಟ ಬರಿ," ಅಂದರು ಸರ್.

ವಿಷಯ ಮನೆಯಲ್ಲೇ ಇತ್ತು. ಓಣಿಗೆ ನೀರಿನ ಟ್ಯಾಂಕರ್ ಬಂದರೆ ಅತ್ತೆ ಎಲ್ಲಿದ್ದರೂ ಹೇಗೋ ಪಾಳಿಯ ಸಾಲಿನ ಮುಂದೆ ನಿಂತಿರುತ್ತಿದ್ದಳು. ನನಗೆ ಚಿತ್ರ ಬರೆಯಲು ಬಾರದು. ಬಲಕ್ಕೊಂದು ನೀಲಿ ಚೌಕ ಟ್ಯಾಂಕರ್, ಹಳದಿ ಚೌಕಗಳು ಓಣಿಯ ಹೆಂಗಸರು, ಎಡದ ತುದಿಯ ಕೆಂಪು ಚೌಕ ಅತ್ತೆ. ಅದು ಟ್ಯಾಂಕರ್ ಮುಟ್ಟಿ ಕೊಡ ತುಂಬಿದರೆ ಗೆಲುವು; ಯಾರನ್ನಾದರೂ ದಾಟಿ ನುಗ್ಗಿದರೆ ಆಟ ಮುಗಿದು "ಕಳ್ಳಿ!" ಎಂದು ಬರುತ್ತಿತ್ತು. ಮೊದಲ ವಾರ ಕೆಂಪು ಚೌಕ ಅಲುಗಾಡಲೇ ಇಲ್ಲ. ಎರಡನೆಯ ವಾರ ನಿಲ್ಲಲೇ ಇಲ್ಲ. ಮೂರನೆಯ ವಾರ ಹೇಳಿದ ಮಾತು ಕೇಳಿತು.

ಅಷ್ಟರಲ್ಲಿ, ನಾನು ನಿಜವಾಗಿ ಕ್ಲಾಸಿಗೆ ಹೋಗುತ್ತೇನೋ ಇಲ್ಲವೋ ನೋಡಲು ಅತ್ತೆ ಒಂದು ದಿನ ಬಂದೇಬಿಟ್ಟಳು. ಉಟ್ಟದ್ದು ಕೆಂಪು ಸೀರೆ.

"ಬರ್ರಿ ಅಕ್ಕಾವರ, ನಿಮ್ಮ ಹುಡಿಗಿ ಆಟ ನೋಡ್ರಿ. ಈ ಕೆಂಪು ಹೆಂಗಸು ಪಾಳಿ ಮುರಿತಾಳ," ಎಂದು ಸರ್ ಹೆಮ್ಮೆಯಿಂದ ತೋರಿಸಿದರು.

"ಯಾರ ಇಕಿ?"

"ಯಾರೂ ಅಲ್ಲ ಅತ್ತಿ, ಬರೇ ಬಣ್ಣ," ಅಂದೆ.

ಅತ್ತೆ ನನ್ನನ್ನು ಎಬ್ಬಿಸಿ ತಾನೇ ಕೂತಳು. ಮೊದಲ ಸಲ "ಕಳ್ಳಿ!" ಬಂತು. ತುಟಿ ಬಿಗಿದು, ಎಡಕ್ಕೆ ಹೋಗುವ ಕೀ ಒತ್ತಿದಳು. ಕೆಂಪು ಚೌಕ ಎಡದ ಅಂಚಿನಲ್ಲಿ ಮಾಯವಾಗಿ, ಬಲದ ಅಂಚಿನಿಂದ ಟ್ಯಾಂಕರಿನ ಪಕ್ಕದಲ್ಲೇ ಹೊರಬಂತು. ಯಾರನ್ನೂ ದಾಟಿರಲಿಲ್ಲ! ಒಂದಂಚಿಗೆ ಹೋದದ್ದು ಇನ್ನೊಂದಂಚಿನಿಂದ ಬರುವ ಹಾಗೆ ನಾನೇ ಚಂದಕ್ಕೆಂದು ಬರೆದಿದ್ದೆ. ಅತ್ತೆ ಕೊಡದ ಮೇಲೆ ಕೊಡ ತುಂಬಿದಳು. ಸರ್ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು.

"ನಾ ಹಿಂಗೇ ಹಿಂದಿನ ಸಂದಿಯಿಂದ ಬರ್ತೇನಿ," ಅಂದಳು ಅತ್ತೆ. "ನಾಳಿಂದ ನೀರಿಗಿ ನೀ ಹೋಗು."

ಮರುದಿನ ಪಾಳಿಯ ಕೊನೆಯಲ್ಲಿ ನಿಂತೆ. ನನ್ನ ಮುಂದೆ ಇನ್ನೂ ನಾಲ್ವರಿದ್ದಾಗಲೇ ಟ್ಯಾಂಕರಿನ ಪೈಪು ಗೊರಗೊರ ಅಂದು ಸುಮ್ಮನಾಯಿತು. ಖಾಲಿ ಕೊಡ ಹಿಡಿದು ನಿಂತಾಗ ಹೊಳೆಯಿತು: ನನ್ನ ಆಟದಲ್ಲಿ ನೀರು ಮುಗಿಯುವುದೇ ಇಲ್ಲ.

ಕ್ಲಾಸಿಗೆ ಹೋದವಳೇ ಅಂಚುಗಳನ್ನು ಮುಚ್ಚಿದೆ. ಯಾರೇ ಒಂದು ಕೊಡ ತುಂಬಿದರೂ ಟ್ಯಾಂಕರಿನಲ್ಲಿ ಒಂದು ಕೊಡ ಕಡಿಮೆಯಾಗುವಂತೆ ಬರೆದೆ. ಸರ್ ಆರು ಸಲ ಆಡಿದರು; ಕೆಂಪು ಚೌಕದ ಪಾಳಿ ಬರುವ ಮೊದಲೇ ನೀರು ಮುಗಿದು ಆರೂ ಸಲ ಸೋತರು.

"ಏನಿದು? ಇದರಾಗ ಗೆಲ್ಲಾಕ ಬರಂಗೇ ಇಲ್ಲೇನು?"

"ಪಾಳಿ ಹಿಡದ್ರ ಇಲ್ರಿ ಸರ್," ಅಂದೆ.