ಬೊಬ್ರುವಾಡದ ಕುದುರೆ ಪೊಲೀಸರು

ಅವರ ಎಡಗಿವಿಗೆ ಮೇಲರ್ಧ ಇರಲಿಲ್ಲ. ನೌಕರಿಗೆ ಸೇರಿದ ಹೊಸತರಲ್ಲಿ ಕುದುರೆಯೊಂದು ಕಚ್ಚಿ ಕಿತ್ತಿತ್ತಂತೆ. ಉಳಿದರ್ಧ ಒಣಗಿದ ಹುಣಸೆ ಸಿಪ್ಪೆಯ ಹಾಗೆ ಮುದುಡಿ ತಲೆಗೆ ಅಂಟಿಕೊಂಡಿತ್ತು. ಮಾತು ಬೇಡವೆನಿಸಿದಾಗ ಆ ಕಿವಿಯನ್ನು ಎದುರಿನವರ ಕಡೆ ತಿರುಗಿಸಿ ಕೂತುಬಿಡುತ್ತಿದ್ದರು. ಮೊದಮೊದಲು ನನಗೆ ಕಾಣಿಸುತ್ತಿದ್ದುದು ಹೆಚ್ಚಾಗಿ ಆ ಕಿವಿಯೇ.

ಊರವರು ಅವರನ್ನು ಕುದ್ರೆ ಪೊಲೀಸ ಎನ್ನುತ್ತಿದ್ದರು. ಮೈಸೂರಿನ ಕಡೆ ಮೂವತ್ತು ವರ್ಷ ಕುದುರೆ ಪೊಲೀಸರಾಗಿದ್ದವರು. ನಿವೃತ್ತರಾದಾಗ, ತಮ್ಮ ಹಾಗೆಯೇ ವಯಸ್ಸಾಗಿ ಸೇವೆಯಿಂದ ಬಿಡಿಸಿದ್ದ ಒಂದು ಹೆಣ್ಣು ಕುದುರೆಯನ್ನು ಹರಾಜಿನಲ್ಲಿ ಹಿಡಿದು, ಲಾರಿಯಲ್ಲಿ ಹೇರಿಕೊಂಡು ಬಂದರು. ಹುಟ್ಟೂರು ಕಾರವಾರದ ಹತ್ತಿರದ ಚೆಂಡಿಯಾ. ಅಷ್ಟರಲ್ಲಿ ಅಲ್ಲಿಯ ಮನೆ, ಗದ್ದೆ ಎಲ್ಲ ನೌಕಾನೆಲೆಗೆ ಹೋಗಿ, ದಾಯಾದಿಗಳು ಪುನರ್ವಸತಿಯ ನಿವೇಶನಗಳಿಗೆ ಚದುರಿದ್ದರು. ಮದುವೆಯಾಗದ ಈ ಮನುಷ್ಯನಿಗೂ ಆ ಕುದುರೆಗೂ ಜಾಗ ಕೊಟ್ಟವರು ಅಂಕೋಲೆಯ ಬೊಬ್ರುವಾಡದಲ್ಲಿದ್ದ ಅವರ ವಿಧವೆ ತಂಗಿ. ಹಿತ್ತಲಲ್ಲಿ ತೆಂಗಿನ ಗರಿಯ ಲಾಯ ಎದ್ದಿತು. ಕುದುರೆಗೆ ದಿನವೂ ಹುಲ್ಲು ಕೊಯ್ದು ತರುವುದು ತಂಗಿಯ ಕೆಲಸವಾಯಿತು.

ಆ ತಂಗಿ ನನ್ನ ಬಸ್ಸಿಗೆ ಸಿಕ್ಕಿ ಸತ್ತರು.

ಎರಡು ಸಾವಿರದ ನಾಲ್ಕರ ಮಳೆಗಾಲ. ನಾನು ಕಾರವಾರ-ಅಂಕೋಲೆ ಮಾರ್ಗದ ಬಸ್ ಡ್ರೈವರ್, ಮನೆ ಶಿರವಾಡದಲ್ಲಿ. ಮಧ್ಯಾಹ್ನದ ಟ್ರಿಪ್ಪು, ಅಂಕೋಲೆ ಇನ್ನೇನು ಬಂತು ಎನ್ನುವಾಗ ನಿಂತಿದ್ದ ಟೆಂಪೊ ಒಂದರ ಹಿಂದಿನಿಂದ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು ರಸ್ತೆಗೆ ಬಂದಳು. ಹೊರೆ ಕಣ್ಣಿನವರೆಗೆ ಇಳಿದಿತ್ತು. ಬ್ರೇಕು ಒತ್ತಿದೆ. ಬಸ್ಸು ನಿಂತಾಗ ರಸ್ತೆಯ ತುಂಬ ಹಸಿರು ಹುಲ್ಲು ಹರಡಿತ್ತು.

ತಪ್ಪು ನನ್ನದಲ್ಲ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಮತ್ತೆ ಡ್ಯೂಟಿಗೆ ಹೋದೆ. ಸ್ಟೇರಿಂಗಿನ ಮೇಲೆ ಇಟ್ಟ ಕೈ ನಡುಗತೊಡಗಿತು. ಎರಡನೆಯ ದಿನ ಅರ್ಗಾ ಹತ್ತಿರ ಉಸಿರು ಸಿಕ್ಕಿಕೊಂಡಂತಾಗಿ ಬಸ್ಸನ್ನು ಬದಿಗೆ ನಿಲ್ಲಿಸಿ ಇಳಿದುಬಿಟ್ಟೆ. ಪ್ರಯಾಣಿಕರು ಕಿಟಕಿಯಿಂದ ನೋಡುತ್ತಿದ್ದರು. ಆಮೇಲೆ ರಜೆ, ಕಾರವಾರದ ಡಾಕ್ಟರು, ನಿದ್ದೆಯ ಮಾತ್ರೆ. ಊಟಕ್ಕೆ ಕೂತರೆ ತುತ್ತು ಬಾಯಿಗೆ ಹೋಗುವಾಗಲೂ ಕೈ ನಡುಗುವುದು. ಹೆಂಡತಿ ಬೇರೆಲ್ಲೋ ನೋಡುವವಳಂತೆ ನಟಿಸುತ್ತಿದ್ದಳು. ಒಂದು ದಿನ ಅವಳೇ ಹೇಳಿದಳು: "ಆ ಮನೆಗೆ ಒಂದ್ಸಲ ಹೋಗಿ ಬನ್ನಿ. ಅವ್ರು ಬೈದ್ರೆ ಬೈಲಿ, ಹೊಡದ್ರೆ ಹೊಡಿಲಿ. ಇಲ್ಲಿ ಕೂತು ಹಿಂಗೆ ಸಾಯೂದಕ್ಕಿಂತ ಅದೇ ಅಡ್ಡಿಲ್ಲ."

ದಸರೆ ಕಳೆದ ಮೇಲೆ ಹೋದೆ. ಬಸ್ಸಿನ ಕೊನೆಯ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು ಅಂಕೋಲೆಯಲ್ಲಿ ಇಳಿದೆ. ಮೂರು ಸಲ ಆ ಮನೆಯ ಬೇಲಿಯವರೆಗೆ ಹೋಗಿ ವಾಪಸು ಬಂದೆ. ನಾಲ್ಕನೆಯ ಸಲ ಅವರೇ ನನ್ನನ್ನು ನೋಡಿದರು. ಹಿತ್ತಲಲ್ಲಿ ಕೈಯಲ್ಲಿ ಹಗ್ಗ ಹಿಡಿದು ನಿಂತಿದ್ದರು. ಕುದುರೆ ಬೇಲಿಯ ಉದ್ದಕ್ಕೂ ಸುತ್ತುತ್ತಿತ್ತು. ಅವರು ಒಂದು ಹೆಜ್ಜೆ ಮುಂದಿಟ್ಟರೆ ಅದು ಕಿವಿ ಹಿಂದಕ್ಕೆ ಮಡಚಿ ಓಡುತ್ತಿತ್ತು. ಅದರ ಪಕ್ಕೆಲುಬು ಎಣಿಸಬಹುದಿತ್ತು.

ಕೈಮುಗಿದೆ.

"ಡ್ರೈವರನಾ?" ಎಂದರು.

"ಹೌದು."

ಹಗ್ಗವನ್ನು ಕೈಗೆ ಸುತ್ತಿಕೊಂಡು ಬೇಲಿಯವರೆಗೆ ಬಂದರು. ಹೊಡೆಯುತ್ತಾರೆ ಎಂದುಕೊಂಡೆ; ಹೊಡೆದುಬಿಡಲಿ ಎಂದೂ ಅನಿಸಿತು.

"ಒಳಗೆ ಬಾ. ಗೇಟು ಹಾಕು. ಅದ್ಕೆ ಬೆನ್ನು ಹಾಕಿ ನಡೂಮಧ್ಯೆ ನಿಲ್ಲು."

ನಿಂತೆ. ಹಿಂದಿನಿಂದ ಗೊರಸಿನ ಸದ್ದು, ಮೂಗಿನ ಸದ್ದು. ಕುದುರೆಯಿಂದ ನನ್ನನ್ನು ಒದೆಸಲಿಕ್ಕೇ ಇವರು ಹೀಗೆ ನಿಲ್ಲಿಸಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

"ಕೈ ನಡುಗ್ತದೆ ನಿಂದು," ಎಂದರು ಅವರು ಹಿತ್ತಲ ಕಡೆಯ ಜಗಲಿಗೆ ಹೋಗಿ ಕೂತು.

"ಹೌದು."

"ನಡುಗ್ಲಿ. ಬಿಗಿ ಹಿಡೂಕೆ ಹೋಗ್ಬೇಡ, ಅದ್ಕೆ ಗೊತ್ತಾಗ್ತದೆ. ಹೆದ್ರಿಕೆ ಆದ್ರೆ ಹೆದ್ರಕೊ, ಉಸ್ರು ಮಾತ್ರ ತಡೀಬೇಡ."

ಒಂದು ತಾಸು ನಿಲ್ಲಿಸಿ "ನಾಳೆ ಬಾ" ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ಅವರು ಕರೆದರೆ ಹೋಗುವುದು ಬಿಟ್ಟು ನನಗೆ ಬೇರೆ ದಾರಿ ಇರಲಿಲ್ಲ.

ದಿನವೂ ಹೋಗತೊಡಗಿದೆ. ಕಾರಣ ಒಂದು ವಾರದ ಮೇಲೆ ತಿಳಿಯಿತು. ತಂಗಿ ಹೋದ ದಿನದಿಂದ ಕುದುರೆ ಅವರ ಕೈಯಿಂದ ಏನೂ ತಿನ್ನುತ್ತಿರಲಿಲ್ಲ. ಹುಲ್ಲನ್ನು ದೂರ ಎಸೆದು ಹೋದರೆ ಒಂದಿಷ್ಟು ಮುಟ್ಟುವುದು, ಅಷ್ಟೇ. "ಮೂವತ್ತು ವರ್ಷ ಕುದ್ರೆ ಸಂಗ್ತಿಗೇ ಬದುಕ್ದೆ. ಈಗ ಈ ಒಂದು ಮುದ್ಕಿ ನನ್ನ ಹತ್ರ ಬರೂಕೆ ಒಪ್ಪೂದಿಲ್ಲ," ಎಂದರು. "ನನ್ನೊಳಗೆ ಸಿಟ್ಟದೆ ಅಂತ ಅದ್ಕೆ ವಾಸ್ನೆ ಹೊಡೀತದೆ."

ಯಾರ ಮೇಲಿನ ಸಿಟ್ಟು ಎಂದು ನಾವಿಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಜಗಲಿಯ ಗೋಡೆಯ ಮೇಲೆ ಹಾರ ಹಾಕಿದ ಫೋಟೊ ಇತ್ತು. ಅದರ ಕೆಳಗೆ ಕೂತು ಹಾಲಿಲ್ಲದ ಚಾ ಕುಡಿಯುತ್ತಿದ್ದೆವು. ಅವರು ಅರ್ಧ ಕಿವಿ ನನ್ನ ಕಡೆ ಮಾಡಿ ತೋಟ ನೋಡುತ್ತಿರುವರು.

ಒಂಬತ್ತನೆಯದೋ ಹತ್ತನೆಯದೋ ದಿನ. ಬೆನ್ನು ಹಾಕಿ ನಿಂತಿದ್ದೆ. ಕುತ್ತಿಗೆಯ ಮೇಲೆ ಬಿಸಿ ಉಸಿರು ಬಿತ್ತು. ಹಿಂದೆಯೇ ಒದ್ದೆ ಮೂತಿ ಅಂಗಿಯ ಕಾಲರನ್ನು ಮೂಸಿತು. ನನ್ನ ಎದೆ ಹೊಡೆದುಕೊಳ್ಳುವುದು ಅದಕ್ಕೆ ಕೇಳಿರಬೇಕು. ಒಂದು ಹೆಜ್ಜೆ ಹಿಂದೆ ಸರಿಯಿತು, ಹೋಗಲಿಲ್ಲ. ನಾನು ಮೆಲ್ಲಗೆ ಉಸಿರು ಬಿಟ್ಟೆ. ಅದೂ ಬುಸ್ಸೆಂದು ಬಿಟ್ಟು ತಲೆ ತಗ್ಗಿಸಿತು. ಆ ಹೊತ್ತಿನಲ್ಲಿ ನಾನು ರಸ್ತೆ ನೆನೆಯಲಿಲ್ಲ, ಹುಲ್ಲು ನೆನೆಯಲಿಲ್ಲ. ಎಷ್ಟೋ ತಿಂಗಳ ಮೇಲೆ ಐದು ನಿಮಿಷ ನನ್ನ ತಲೆಯೊಳಗೆ ಏನೂ ಇರಲಿಲ್ಲ. ಜಗಲಿಯ ಕಡೆ ನೋಡಿದರೆ ಅವರು ಎದ್ದು ಒಳಗೆ ಹೋಗುತ್ತಿದ್ದರು. ಅವರ ಕುದುರೆ ನನ್ನ ಹತ್ತಿರ ಬಂದಿತ್ತು, ಅವರ ಹತ್ತಿರ ಬಂದಿರಲಿಲ್ಲ. ಅವರಿಗೆ ಹೇಗಾಗಿರಬೇಕು ಎಂದು ಆಗ ಹೊಳೆಯಿತು.

ಮಾರನೆಯ ದಿನ ಹೋಗಲು ಅಂಜಿದೆ. ಹೋದೆ. ಅವರು ಮೈ ಉಜ್ಜುವ ಬ್ರಶ್ಶು ಕೊಟ್ಟರು. ಹಾಗೇ ಕೆಲಸ ಕಲಿಸುತ್ತ ಹೋದರು: ಕುತ್ತಿಗೆಯಿಂದ ಬಾಲದ ಕಡೆಗೆ ಉಜ್ಜುವುದು, ಕಾಲು ಎತ್ತಿ ಗೊರಸಿನೊಳಗಿನ ಕಲ್ಲು ತೆಗೆಯುವುದು, ಹುಲ್ಲು ಕೊಯ್ದು ಹರಡುವುದು. ಹೊಗಳಿಕೆಯ ಒಂದು ಮಾತಿಲ್ಲ. ನಾನು ಅವಸರ ಮಾಡಿದರೆ ಒಂದೇ ಬೈಗುಳ: "ನಿನ್ನ ಹಿಂದೆ ಯಾರೂ ಹಾರ್ನ್ ಹೊಡೀತಿಲ್ಲ." ಮನೆಯಲ್ಲಿ ರಾತ್ರಿ ಮಾತ್ರೆಯಿಲ್ಲದೆ ಮೂರು ತಾಸು, ನಾಲ್ಕು ತಾಸು ನಿದ್ದೆ ಬರತೊಡಗಿತು. ತುತ್ತು ಚೆಲ್ಲುವುದು ಕಡಿಮೆಯಾಯಿತು.

ಹೀಗೆ ಏಳೆಂಟು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಅವರು ಹಗ್ಗವನ್ನು ನನ್ನ ಕೈಗೆ ಕೊಟ್ಟರು. "ಇವತ್ತು ದಂಡೆಗೆ ಹೋಗೂದು. ಮರಳಲ್ಲಿ ನಡೆಸ್ಬೇಕು ಇದ್ಕೆ."

ಸಮುದ್ರ ದಂಡೆಗೆ ಹೋಗಲು ಹೆದ್ದಾರಿ ದಾಟಬೇಕು. ಅದೇ ಜಾಗ.

"ನನ್ನಿಂದ ಆಗೂದಿಲ್ಲ," ಎಂದೆ.

"ನನ್ನಿಂದ್ಲೂ ಆಗೂದಿಲ್ಲ. ಅದ್ಕೇ ನಿನ್ನ ಹತ್ರ ಕೊಟ್ಟೆ."

ಆ ವರ್ಷಗಳಲ್ಲಿ ಹೆದ್ದಾರಿಯ ತುಂಬ ಅದಿರಿನ ಲಾರಿಗಳು. ರಸ್ತೆ, ಮರ, ಅಂಗಡಿಗಳ ಹಂಚು ಎಲ್ಲ ಕೆಂಪು. ಎರಡೂ ಕಡೆ ನೋಡಿ ಅವರು ಮೊದಲು ದಾಟಿದರು. ನಾನು ಹೊರಟೆ. ರಸ್ತೆಯ ನಡುವೆ ಬಂದಾಗ ತಿರುವಿನಲ್ಲಿ ಒಂದು ಲಾರಿ ಕಾಣಿಸಿಕೊಂಡು ಉದ್ದಕ್ಕೆ ಹಾರ್ನ್ ಹಾಕಿತು. ಕುದುರೆ ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಹಗ್ಗ ಎಳೆದೆ. ಅದು ತಲೆ ಮೇಲೆತ್ತಿ ಇನ್ನಷ್ಟು ಜಗ್ಗಿತು, ಕಣ್ಣಿನ ಬಿಳಿ ಕಂಡಿತು. ಆಚೆಯಿಂದ ಅವರು ಕಿರುಚುತ್ತಿದ್ದರು. ಏನೆಂದು ಕೇಳಿಸಲಿಲ್ಲ. ಆ ಲಾರಿಯವನ ಕಾಲು ಈಗ ಎಲ್ಲಿದೆ, ಬ್ರೇಕಿನ ಮೇಲೋ ಅಲ್ಲವೋ, ಅದೊಂದೇ ನನ್ನ ತಲೆಯಲ್ಲಿ. ನಾನು ಎಳೆದಷ್ಟೂ ಇದು ನಿಲ್ಲುತ್ತದೆ ಎಂದು ಹೇಗೋ ಗೊತ್ತಾಯಿತು. ಹಿಡಿದಿಟ್ಟ ಉಸಿರು ಬಿಟ್ಟೆ. ಹಗ್ಗ ಸಡಿಲಿಸಿ ಕುದುರೆಗೆ ಬೆನ್ನು ಹಾಕಿ ನಡೆದೆ. ಒಂದು ಹೆಜ್ಜೆ, ಎರಡು ಹೆಜ್ಜೆ ಹಗ್ಗ ಜೋತೇ ಇತ್ತು. ಆಮೇಲೆ ಬೆನ್ನ ಹಿಂದೆ ಡಾಂಬರಿನ ಮೇಲೆ ಲಾಳದ ಸದ್ದು ಕೇಳಿತು. ನಾವು ಬದಿಗೆ ಇಳಿಯುವುದಕ್ಕೂ ಲಾರಿ ಕೆಂಪು ಧೂಳು ಎರಚಿ ಹೋಗುವುದಕ್ಕೂ ಸರಿಹೋಯಿತು.

ಅವರು ರಸ್ತೆಯ ಬದಿಯ ಕಲ್ಲಿನ ಮೇಲೆ ಕುಸಿದು ಕೂತಿದ್ದರು. ನನ್ನನ್ನು ನೋಡಿ, ಅಷ್ಟು ದಿನ ಕೇಳದೆ ಇಟ್ಟದ್ದನ್ನು ಕೇಳಿದರು.

"ಅವತ್ತು ಬ್ರೇಕು ಒತ್ತಿದ್ಯೇನೋ?"

"ಒತ್ತಿದ್ದೆ. ಮಳೆಗೆ ಟೈರು ಜಾರ್ತು. ಇನ್ನೊಂದು ಮಾರು ದೂರ ಇದ್ದಿದ್ರೆ ನಿಲ್ತಿತ್ತು."

"ಅವ್ಳಿಗೆ ಜೀವ ಇತ್ತಾ?"

"ಸ್ವಲ್ಪ ಹೊತ್ತು ಇತ್ತು. ನಾನು ತಲೆ ತೊಡೆ ಮೇಲೆ ಇಟ್ಕೊಂಡಿದ್ದೆ."

"ಎಂತಾರೂ ಹೇಳಿದ್ಲಾ?"

ಇದನ್ನು ನಾನು ವಿಚಾರಣೆಯಲ್ಲಿ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಹೇಳಿದರೆ ಈ ಮನುಷ್ಯ ಅದನ್ನು ಹೇಗೆ ಹೊರುತ್ತಾರೆ ಎಂಬ ಭಯ. ಏನೂ ಹೇಳಲಿಲ್ಲ ಎಂದುಬಿಡಬಹುದಿತ್ತು. ಅವರು ಅರ್ಧ ಕಿವಿ ತಿರುಗಿಸಿರಲಿಲ್ಲ. ನೆಟ್ಟಗೆ ನನ್ನ ಕಣ್ಣನ್ನೇ ನೋಡುತ್ತಿದ್ದರು.

"'ಹುಲ್ಲು ಒದ್ದೆ ಆಯ್ತು, ಅಣ್ಣ ಬೈತಾನೆ' ಅಂದ್ರು. ಅಷ್ಟೇ ಹೇಳಿದ್ರು."

ಎರಡು ಲಾರಿಗಳು ಹೋದವು.

"ಬೈತಿದ್ದೆ," ಎಂದರು ಕೊನೆಗೆ. "ಒದ್ದೆ ಹುಲ್ಲು ತಿಂದು ಇದ್ಕೆ ಹೊಟ್ಟೆ ನೋವು ಬರ್ತದೆ ಅಂತ ಮಳೆ ಶುರುವಾದಾಗ್ನಿಂದ ದಿನಾ ಬೈತಿದ್ದೆ. ಅವ್ಳು ಓಡೋಡಿ ಬರ್ತಿದ್ಲು, ನಾ ಬೈತೆ ಅಂತ." ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅರವತ್ತು ದಾಟಿದ ಪೊಲೀಸರು, ರಸ್ತೆಯ ಬದಿಯಲ್ಲಿ, ಹೋಗಿಬರುವವರೆಲ್ಲ ನೋಡುವ ಹಾಗೆ. ನಾನು ಹಗ್ಗ ಹಿಡಿದು ನಿಂತೇ ಇದ್ದೆ. ಮುಟ್ಟುವ ಧೈರ್ಯ ಬರಲಿಲ್ಲ. ಮುಟ್ಟಿದ್ದು ಕುದುರೆ. ಕತ್ತು ಚಾಚಿ ಅವರ ತೋಳಿಗೆ ಮೂತಿ ಒತ್ತಿತು. ಅವರು ತಲೆ ಎತ್ತಲಿಲ್ಲ, ಒಂದು ಕೈ ಮಾತ್ರ ಎತ್ತಿ ಅದರ ಹಣೆಯ ಮೇಲೆ ಇಟ್ಟರು.

ಸ್ವಲ್ಪ ಹೊತ್ತಿನ ಮೇಲೆ ಎದ್ದು "ಕೊಡು ತಮ್ಮಾ" ಎಂದು ಹಗ್ಗ ತೆಗೆದುಕೊಂಡರು. ಅಲ್ಲಿಯವರೆಗೆ ನಾನು ಅವರಿಗೆ ಡ್ರೈವರ ಮಾತ್ರ ಆಗಿದ್ದೆ.

ಹೊಸ ವರ್ಷದ ಹೊತ್ತಿಗೆ ನಾನು ಡ್ಯೂಟಿಗೆ ಹೋದೆ. ಮೊದಲ ಟ್ರಿಪ್ಪಿಗೆ ಅಂಕೋಲೆ ಸ್ಟ್ಯಾಂಡಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವರು ಹತ್ತಿದರು. ನನ್ನ ಹಿಂದಿನ ಸೀಟಿನಲ್ಲಿ ಕೂತರು. "ಕಾರವಾರದಲ್ಲಿ ಪೆನ್ಶನ್ ಕೆಲಸ ಅದೆ," ಎಂದರು. ಆ ಜಾಗ ದಾಟುವಾಗ ಕೈ ಬೆವರಿತು, ನಡುಗಲಿಲ್ಲ. ಹಿಂದಿನ ಸೀಟಿನಲ್ಲಿ ಅವರು ಉದ್ದಕ್ಕೆ ಉಸಿರು ಬಿಟ್ಟ ಸದ್ದು ಇಂಜಿನ್ನಿನ ಗದ್ದಲದಲ್ಲೂ ಕೇಳಿತು. ಕಾರವಾರದಲ್ಲಿ ಇಳಿದವರು ಸ್ಟ್ಯಾಂಡಿನಲ್ಲೇ ಒಂದು ಚಾ ಕುಡಿದು ಅದೇ ಬಸ್ಸಿಗೆ ವಾಪಸು ಬಂದರು. ಅಂದು ಭಾನುವಾರ, ಯಾವ ಪೆನ್ಶನ್ ಕಚೇರಿಯೂ ತೆರೆದಿರಲಿಲ್ಲ.

ನಂತರವೂ ವಾರದ ರಜೆಯ ದಿನ ನಾನು ಹುಲ್ಲು ಕೊಯ್ಯಲು ಹೋಗುತ್ತಿದ್ದೆ. ಕುದುರೆಯ ಒಡನಾಟದಿಂದ ಮನಸ್ಸಿನ ಒತ್ತಡ ಇಳಿಯುತ್ತದೆ, ಹೊರದೇಶಗಳಲ್ಲಿ ಅದೊಂದು ಚಿಕಿತ್ಸೆ ಎಂದು ಪತ್ರಿಕೆಯೊಂದರಲ್ಲಿ ಬಂದದ್ದನ್ನು ಒಮ್ಮೆ ಓದಿ ಹೇಳಿದೆ. ಕೇಳಿ ನಕ್ಕರು. "ಹುಲ್ಲು ಯಾರು ಕೊಯ್ಬೇಕು, ಲದ್ದಿ ಯಾರು ಎತ್ಬೇಕು ಅಂತ ಬರದಾರಾ ನೋಡು."

ಮೂರು ವರ್ಷಕ್ಕೆ ಕುದುರೆ ವಯಸ್ಸಾಗಿ ಸತ್ತಿತು. ಹಿತ್ತಲಲ್ಲೇ ಇಬ್ಬರೂ ಸೇರಿ ಗುಂಡಿ ತೋಡಿದೆವು. ಅದಾಗಿ ಎರಡು ವರ್ಷಕ್ಕೆ ಅವರಿಗೆ ಎದೆಯ ಕಾಯಿಲೆ ಬಂದು ಕಾರವಾರದ ಆಸ್ಪತ್ರೆಗೆ ಸೇರಿದರು. ಡ್ಯೂಟಿ ಮುಗಿಸಿ ದಿನವೂ ಅಲ್ಲಿಗೆ ಹೋಗುತ್ತಿದ್ದೆ. ಒಂದು ಸಂಜೆ ನನ್ನ ಕೈ ಹಿಡಿದುಕೊಂಡರು.

"ಸುಳ್ಳು ಹೇಳೂದಿಲ್ಲ ತಮ್ಮಾ. ನಿನ್ನ ಮೇಲಿನ ಸಿಟ್ಟು ಪೂರಾ ಹೋಗ್ಲಿಲ್ಲ."

"ಗೊತ್ತದೆ ಅಣ್ಣಾ."

"ಗೊತ್ತಿದ್ದೂ ಬರ್ತಿದ್ಯಾ?"

"ಹೌದು."

"ನಾಳೆನೂ ಬಾ," ಎಂದರು.

ಮಾರನೆಯ ದಿನ ಬೆಳಗಿನ ಪಾಳಿ ಮುಗಿಸಿ ಹೋಗುವಷ್ಟರಲ್ಲಿ ಹಾಸಿಗೆ ಬರಿದಾಗಿತ್ತು.

ಆಮೇಲೆ ನಾನು ಹದಿನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತನಾದೆ. ಅವರ ಸಿಟ್ಟು ಕೊನೆಗೆ ಎಷ್ಟು ಉಳಿದಿತ್ತೋ ನನಗೆ ತಿಳಿಯದು. ಅದನ್ನು ಒಳಗಿಟ್ಟುಕೊಂಡೇ ಆ ಮನುಷ್ಯ ಐದು ವರ್ಷ ನನ್ನ ಪಕ್ಕ ಕೂತು ಚಾ ಕುಡಿದರು.