ಹಾಸಿಗೆಯವಳ ಎಣ್ಣೆ

ನಲವತ್ತು ವರ್ಷ ಹಾಸಿಗೆ, ದಿಂಬು ಹೊಲಿದ ಕೈ ಅವಳದು. ಅರಳೆಯನ್ನು ಎಷ್ಟು ಗಟ್ಟಿಯಾಗಿ ತುಂಬುತ್ತಿದ್ದಳೆಂದರೆ, ಅವಳ ದಿಂಬಿನಿಂದ ಹೊಡೆದರೆ ತಲೆ ಒಡೆದೀತು ಎಂದು ಗಿರಾಕಿಗಳು ಚೇಷ್ಟೆ ಮಾಡುತ್ತಿದ್ದರು. ಮಾಡಲಿ ಬಿಡಿ, ಆ ದಿಂಬುಗಳು ಇವತ್ತಿಗೂ ಕುಗ್ಗಿಲ್ಲ.

ಕಣ್ಣು ಮಂಜಾಗಿ ಸೂಜಿ ಕೈಬಿಟ್ಟ ಮೇಲೆ ಹಿತ್ತಲಾಚೆಯ ತುಂಡು ಜಮೀನಿನಲ್ಲಿ, ಹೂವಿನಿಂದ ಸುಗಂಧದ ಎಣ್ಣೆ ತೆಗೆದು ಮಾರೋಣವೆಂದು, ಲ್ಯಾವೆಂಡರ್ ಗಿಡ ನೆಟ್ಟಳು. ಜಮೀನು ಗಂಡನ ಅಣ್ಣನದು. ಮೂರು ವರ್ಷ ಸುಮ್ಮನಿದ್ದ ಭಾವ ಈ ಬೇಸಿಗೆಯಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟರು: "ನೋಡಮ್ಮ, ಭಾನುವಾರದೊಳಗೆ ಎಣ್ಣೆ ತೆಗೆದು ತೋರಿಸು. ಇಲ್ಲಾಂದ್ರೆ ಗಿಡ ಕಿತ್ತು ಆಲೂಗಡ್ಡೆ ಹಾಕ್ತೀನಿ."

ಬಟ್ಟಿ ಇಳಿಸಲು ಒಂದು ದೊಡ್ಡ ಸ್ಟೀಲ್ ಹಂಡೆ ತಂದಳು. ತಳದಲ್ಲಿ ನೀರು, ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ಹೂವು. ಮುಚ್ಚಳದ ಸಂದಿಗೆ ಕಲಸಿದ ಹಿಟ್ಟು ಮೆತ್ತಿದಳು. ಮುಚ್ಚಳದಿಂದ ಹೊರಟ ಹಬೆಯ ಕೊಳವೆ ತಣ್ಣೀರಿನ ಬಕೆಟ್ಟಿನಲ್ಲಿ ಸುತ್ತಿ ಬಾಟಲಿಗೆ ಇಳಿಯುತ್ತಿತ್ತು. ಎರಡು ಸಲ ಕಾಯಿಸಿದಳು. ಎರಡು ಸಲವೂ ಬಂದದ್ದು ಬರೀ ಪರಿಮಳದ ನೀರು, ಎಣ್ಣೆಯ ಸುಳಿವೇ ಇಲ್ಲ.

ಶನಿವಾರ ಮಧ್ಯಾಹ್ನ ಹಂಡೆ ಬೋರಲು ಹಾಕಿದಾಗ ಹೂವು ಇಡೀ ದಿಮ್ಮಿಯಾಗಿ ಬಿತ್ತು. ಒಡೆದು ನೋಡಿದಳು. ನಡುವೆ ಬೆರಳಗಲದ ಒಂದು ಕಂದು ತೂತು. ಸುತ್ತಲಿನದೆಲ್ಲ ಕೊಯ್ದಾಗ ಇದ್ದ ಊದಾ ಬಣ್ಣದಲ್ಲೇ ಇತ್ತು. ಹಬೆ ಒಂದೇ ದಾರಿ ಕೊರೆದುಕೊಂಡು ಹೋಗಿತ್ತು, ಉಳಿದ ಹೂವನ್ನು ಮುಟ್ಟಿಯೇ ಇರಲಿಲ್ಲ.

"ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಹೂವನ್ನೂ ದಿಂಬಿಗೆ ತುರುಕಿದ ಹಾಗೆ ತುರುಕಿದೀನಲ್ಲ!" ಎಂದು ಹಣೆ ಚಚ್ಚಿಕೊಂಡು, ಒಬ್ಬಳೇ ನಕ್ಕಳು.

ಭಾನುವಾರ ಬೆಳಿಗ್ಗೆ ಭಾವ ಗುದ್ದಲಿ ಹಿಡಿದೇ ಬಂದರು. ಆಗ ಅವಳು ಕೊನೆಯ ಬುಟ್ಟಿ ಹೂವನ್ನು ಹಗುರವಾಗಿ ಹಂಡೆಗೆ ಉದುರಿಸುತ್ತಿದ್ದಳು. ಒತ್ತಲು ಕೈ ಹಾತೊರೆಯುತ್ತಿತ್ತು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಳು.

"ಒಂದು ಗಂಟೆ ಕೂತ್ಕೊಳ್ಳಿ ಭಾವ."

ಭಾವ ಮುಖ ಗಂಟಿಕ್ಕಿಕೊಂಡು ಕೂತರು. ಸಣ್ಣ ಉರಿಯಲ್ಲಿ ಹಂಡೆ ಗುನುಗತೊಡಗಿತು. ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ಬಾಟಲಿಯ ಕುತ್ತಿಗೆಯಲ್ಲಿ, ನೀರಿನ ಮೇಲೆ, ತಿಳಿಹಳದಿ ಪದರವೊಂದು ಮೂಡಿತು. ಎಳೆಯಷ್ಟಿದ್ದದ್ದು ನೋಡನೋಡುತ್ತಾ ಬೆರಳಗಲವಾಯಿತು.

ಭಾವ ಬಾಟಲಿ ಎತ್ತಿ ಮೂಸಿದರು, ಬೆಳಕಿಗೆ ಹಿಡಿದರು, ಮತ್ತೆ ಮೂಸಿದರು. ಅವಳಿಗೋ ಹಿಗ್ಗು ತಡೆಯಲಾಗಲಿಲ್ಲ.

"ಹೇಳಿ ಭಾವ, ಏನದು?"

"ಎಣ್ಣೆ," ಎಂದರು ಸಣ್ಣ ದನಿಯಲ್ಲಿ.

"ಕೇಳಿಸ್ಲಿಲ್ಲ."

"ಎಣ್ಣೆ ಕಣಮ್ಮ, ಎಣ್ಣೆ! ಇನ್ನು ನಿನ್ನ ಗಿಡದ ತಂಟೆಗೆ ಬರಲ್ಲ!" ಪಕ್ಕದ ಮನೆಯವರು ಕಿಟಕಿ ತೆರೆದು ಇಣುಕುವಷ್ಟು ಜೋರಾಗಿ ಕೂಗಿದರು ಭಾವ.