ರಿವಾಲ್ವರ್ ಕಾಯುತ್ತ ಕೂತ ಎಂಟು ತಿಂಗಳು

ನನ್ನ ಗಂಡ ಜಿರಳೆಗೆ ಹೆದರುವ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮನೆಯಲ್ಲಿ ರಿವಾಲ್ವರ್ ಇತ್ತು ಅಂದ ಕೂಡಲೇ ಜನ ಏನೇನೋ ಊಹಿಸಿಕೊಳ್ಳುತ್ತಾರೆ. ಬಚ್ಚಲಲ್ಲಿ ಜಿರಳೆ ಕಂಡರೆ ಇವರು ನನ್ನನ್ನು ಕೂಗುತ್ತಾರೆ, ನಾನು ಪೊರಕೆ ಹಿಡಿದು ಹೋಗಬೇಕು. ಕೆರೆಯ ಪಕ್ಕ ನಮಗೆ ಉಳಿದಿದ್ದ ಇಪ್ಪತ್ತು ಗುಂಟೆಯ ಬೇಲಿಯನ್ನು ಯಾರೋ ಎರಡು ಸಲ ಕಿತ್ತು ಹಾಕಿದ್ದರು. ಆಮೇಲೊಂದು ದಿನ ಬೈಕಿನಲ್ಲಿ ಬಂದ ನಾಲ್ಕು ಜನ ಗೇಟಿನ ಮುಂದೆ ನಿಂತು, "ಯಜಮಾನ್ರೇ, ಹುಷಾರು" ಎಂದು ಹೇಳಿ ಹೋದರು. ಅಷ್ಟೇ ಸಾಕಾಯಿತು ಇವರಿಗೆ. ಕಚೇರಿಯಿಂದ ಕಚೇರಿಗೆ ಅಲೆದು ಲೈಸೆನ್ಸ್ ಮಾಡಿಸಿಕೊಂಡರು.

ತರುವ ದಿನ ನನ್ನನ್ನೂ ಕರೆದುಕೊಂಡು ಹೋದರು. ಹೊಸ ಕಾರು ತರುವಾಗ ಜೋಡಿಯಾಗಿ ಹೋಗಿದ್ದೆವಲ್ಲ, ಹಾಗೆಯೇ ಇದಕ್ಕೂ ಹೋಗಬೇಕಂತೆ. ನಾನು ರೇಷ್ಮೆ ಸೀರೆ ಉಟ್ಟು ಬಂದೂಕಿನ ಅಂಗಡಿಯಲ್ಲಿ ಕೂತೆ. ಅಂಗಡಿಯವನು ಒಳ್ಳೆಯ ಮನುಷ್ಯ. ರಿವಾಲ್ವರಿನ ಹೊಟ್ಟೆ ತೆರೆದು, ಆರು ತೂತುಗಳೂ ಖಾಲಿ ಎಂದು ಬೆಳಕಿಗೆ ಹಿಡಿದು ತೋರಿಸಿದ. ಮತ್ತೆ ಇವರ ಕೈಯಿಂದಲೇ ಎಣಿಕೆ ಮಾಡಿಸಿದ. "ಗನ್ ಒಂದ್ ಬಾಕ್ಸು, ಗುಂಡು ಇನ್ನೊಂದ್ ಬಾಕ್ಸು ಸಾರ್. ಲೈಸೆನ್ಸ್ ಜೊತೇಲೇ ಇರ್ಲಿ. ಕಾಫಿ ಗೀಫಿ ಅಂತ ಎಲ್ಲೂ ನಿಲ್ಸಬೇಡಿ, ಸೀದಾ ಮನೆಗೆ ಹೋಗಿ" ಎಂದ.

ಇವರು ಆ ಮಾತನ್ನು ಮಂತ್ರದ ಹಾಗೆ ಹಿಡಿದುಕೊಂಡರು. ಮಾರತ್ತಹಳ್ಳಿ ದಾಟುವ ಮೊದಲೇ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡೆವು. ಒಂದು ಗಂಟೆ ಆಯಿತು. ನನಗೆ ಅರ್ಜೆಂಟಾಗಿ ಇಳಿಯಬೇಕಾಗಿತ್ತು. ರಸ್ತೆ ಪಕ್ಕದಲ್ಲೇ ದೊಡ್ಡ ಹೋಟೆಲ್ಲು.

"ಏನ್ರೀ, ಒಂದೈದು ನಿಮ್ಸ ನಿಲ್ಸಿ. ನೀವು ಕಾರಲ್ಲೇ ಕೂತಿರಿ, ನಾನು ಓಗಿ ಬತ್ತೀನಿ."

"ಎಲ್ಲೂ ನಿಲ್ಸಬ್ಯಾಡಿ ಅಂತ ಏಳವ್ರೆ ಕಣೆ."

"ಕಾಫಿಗೆ ನಿಲ್ಸಬ್ಯಾಡಿ ಅಂದ, ಇದಕ್ಕಲ್ಲ!"

"ತಡ್ಕೊ."

ಇನ್ನೂ ಒಂದೂವರೆ ಗಂಟೆ ತಡೆದುಕೊಂಡೆ. ಕಣ್ಣಲ್ಲಿ ನೀರು ಬಂತು. ಮನೆ ತಲುಪಿದ ಮೇಲೆ ಇವರು ಮೊದಲು ಡಿಕ್ಕಿ ತೆಗೆಯಲು ಓಡಿದರೆ, ನಾನು ಬಚ್ಚಲಿಗೆ ಓಡಿದೆ. ಅಲ್ಲಿಂದಲೇ ಬಾಯಿಗೆ ಬಂದ ಹಾಗೆ ಬೈದೆ.

ಮಲಗುವ ಕೋಣೆಯ ಬೀರುವಿನೊಳಗೆ, ಗೋಡೆಗೆ ಬೋಲ್ಟ್ ಹಾಕಿ ಒಂದು ಕಬ್ಬಿಣದ ಪೆಟ್ಟಿಗೆ ಕೂರಿಸಿದ್ದರು. ರಿವಾಲ್ವರ್ ಅಲ್ಲಿಗೆ ಹೋಯಿತು. ಗುಂಡುಗಳದ್ದು ಉಗ್ರಾಣದಲ್ಲಿ ಇನ್ನೊಂದು ಪೆಟ್ಟಿಗೆ, ಅದಕ್ಕೆ ಬೇರೆ ಬೀಗ. ಎರಡು ಕೀಗಳನ್ನೂ ಉಡಿದಾರಕ್ಕೆ ಕಟ್ಟಿಕೊಂಡರು. ಲೈಸೆನ್ಸ್ ಇರುವವರ ಕೈಗೆ ಮಾತ್ರ ಕೀ, ಇದು ಸರಿಯಾದ ಕ್ರಮವೇ, ನಾನು ಒಪ್ಪುತ್ತೇನೆ. ಆದರೆ ಅದೇ ದಿನ ಊಟಕ್ಕೆ ಕೂತಾಗ ಇನ್ನೊಂದು ಕ್ರಮವೂ ಬಂತು.

"ಇವತ್ತಿಂದ ಮನೆ ಖಾಲಿ ಬಿಡಂಗಿಲ್ಲ. ಕಳ್ಳತನವಾದ್ರೆ ನನ್ ಮೇಲೇ ಕೇಸಾಯ್ತದೆ. ಜೈಲಿಗೂ ಆಕ್ಬೋದು. ಒಬ್ರು ಇರ್ಲೇಬೇಕು. ಇನ್ನೊಂದು, ಮನೇಲಿ ಇದೈತೆ ಅಂತ ಯಾರ್ಗೂ ಏಳಬ್ಯಾಡ. ಮಗಳ್ಗೂ ಬ್ಯಾಡ. ಬೀಗರಿಗೆ ಗೊತ್ತಾದ್ರೆ ನೂರು ಮಾತಾಯ್ತದೆ."

ಒಬ್ಬರು ಎಂದರೆ ಯಾರು? ಮಗಳು ಮದುವೆಯಾಗಿ ಸರ್ಜಾಪುರಕ್ಕೆ ಹೋಗಿದ್ದಳು. ಇವರಿಗೆ ಜಮೀನು, ಕೋರ್ಟು, ಸಂಘದ ಮೀಟಿಂಗು. ಉಳಿದವಳು ನಾನು. ಬೀಗ ಅವರದ್ದು, ಕಾವಲು ನನ್ನದು. ತೆರೆಯಲಾಗದ ಪೆಟ್ಟಿಗೆಗೆ ನಾನು ವಾಚ್‌ಮನ್ ಆದೆ.

ಮೊದಲ ತಿಂಗಳು ನಗುತ್ತಲೇ ಕಳೆದೆ. ಆಮೇಲೆ ಉಸಿರು ಕಟ್ಟಲು ಶುರುವಾಯಿತು. ಸಂಜೆ ಐಟಿ ಪಾರ್ಕಿನ ಗೋಡೆಯುದ್ದಕ್ಕೂ ವಾಕಿಂಗ್ ಹೋಗುತ್ತಿದ್ದೆ, ಅದು ನಿಂತಿತು. ಶನಿವಾರದ ಭಜನೆ ನಿಂತಿತು. ತಮ್ಮನ ಮನೆಯ ಗೃಹಪ್ರವೇಶಕ್ಕೆ ಇವರು ಹೋಗಿ, ನನಗೆ ಎರಡು ಹೋಳಿಗೆ ಕಟ್ಟಿಸಿಕೊಂಡು ಬಂದರು. ಸೊಪ್ಪಿನ ಗಾಡಿ ಗೇಟಿಗೆ ಬಂದರೆ ಸೊಪ್ಪು, ಬಾರದಿದ್ದರೆ ಬರೀ ಬೇಳೆ ಸಾರು. ಹಿಂದಿನ ಶೀಟಿನ ಮನೆಯಲ್ಲಿ ಬಾಡಿಗೆಗಿದ್ದ ರಾಯಚೂರಿನ ಹೆಂಗಸು ಕೆಲಸ ಮುಗಿಸಿ ಬರುವಾಗ ಒಂದು ದಿನ ನಿಂತು ಕೇಳಿದಳು, "ಯಕ್ಕಾರ, ಹೊರಗ ಬರಂಗೇ ಇಲ್ಲಲ್ರಿ ನೀವು. ಆರಾಮ ಅದೀರಿಲ್ಲೊ?" ಏನು ಹೇಳಲಿ? ಮಂಡಿ ನೋವು ಅಂದೆ. ಮರುದಿನ ಅವಳು ಎಣ್ಣೆಯೊಂದನ್ನು ತಂದುಕೊಟ್ಟಳು. ನೋವಿಲ್ಲದ ಮಂಡಿಗೆ ಅವಳೆದುರಿಗೇ ಎಣ್ಣೆ ತಿಕ್ಕಿಕೊಂಡೆ. ನಾಚಿಕೆಯಾಯಿತು.

ಹೀಗಿರುವಾಗ ಮಗಳ ಸೀಮಂತ ಬಂತು. ಚೊಚ್ಚಿಲ ಬಸುರಿ. ನಮ್ಮ ಕಡೆ ಮೊದಲ ಬಳೆಯನ್ನು ಹೆತ್ತ ತಾಯಿಯೇ ತೊಡಿಸಬೇಕು. ಸರ್ಜಾಪುರದ ಅವರ ಮನೆಯಲ್ಲೇ ಶಾಸ್ತ್ರ, ಮಧ್ಯಾಹ್ನ ಹನ್ನೆರಡೂವರೆಯೊಳಗೆ ಮುಗಿಸಬೇಕು ಎಂದಿದ್ದರು ಜೋಯಿಸರು. ನಾನು ಹದಿನೈದು ದಿನ ಮೊದಲೇ ಹಸಿರು ಬಳೆ, ಹಸಿರು ಸೀರೆ ತರಿಸಿಟ್ಟಿದ್ದೆ. ತಂಬಿಟ್ಟಿಗೆ ಹುರಿಗಡಲೆ ಆರಿಸಿದ್ದೆ.

ಇಬ್ಬರೂ ಹೋಗಬೇಕು, ಮನೆ ಖಾಲಿ ಬಿಡುವ ಹಾಗಿಲ್ಲ. ಇವರು ಒಂದು ಉಪಾಯ ಹುಡುಕಿದರು. ಕಾರ್ಖಾನೆಯವರ ಹಾಗೆ ಶಿಫ್ಟು! ಬೆಳಿಗ್ಗೆಯ ಪೂಜೆಗೆ ಇವರು ಹೋಗಿ, ಒಂಬತ್ತಕ್ಕೆ ಅಲ್ಲಿಂದ ಹೊರಟು, ಹತ್ತೂವರೆಗೆ ಮನೆ ಸೇರುವುದು. ಆಗ ನಾನು ಹೊರಡುವುದು. ಹೆತ್ತ ಮಗಳ ಸೀಮಂತಕ್ಕೆ ಶಿಫ್ಟಿನಲ್ಲಿ ಹೋದ ಅಪ್ಪ ಅಮ್ಮ ಈ ಲೋಕದಲ್ಲಿ ನಾವಿಬ್ಬರೇ ಇರಬೇಕು.

ಹತ್ತಕ್ಕೇ ಹೂ ಮುಡಿದು, ಬಳೆಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಹಾಲಿನಲ್ಲಿ ಕೂತೆ. ಗೊತ್ತು ಮಾಡಿದ್ದ ಆಟೋ ಬಾಗಿಲಿಗೆ ಬಂದು ನಿಂತಿತ್ತು. ಹತ್ತೂವರೆ ಆಯಿತು. ಹನ್ನೊಂದಕ್ಕೆ ಫೋನ್ ಮಾಡಿದರು. "ಗುಂಜೂರ್ ತಾವ ಲಾರಿ ಕೆಟ್ಟು ನಿಂತೈತೆ ಕಣೆ. ಒಂದಿಂಚು ಮುಂದಕ್ಕೆ ಓಯ್ತಿಲ್ಲ." ಹನ್ನೊಂದೂವರೆಗೂ ಅಲ್ಲೇ ಇದ್ದರು. ಆಟೋದವನು, "ಅಕ್ಕ, ಬರ್ತೀರಾ ಇಲ್ವಾ?" ಎಂದು ಎರಡು ಸಲ ಹಾರ್ನ್ ಹೊಡೆದ. ನಾನು ಬಾಗಿಲಿಗೂ ಕುರ್ಚಿಗೂ ಓಡಾಡಿದೆ. ಅಯ್ಯೋ ದೇವರೇ, ಆ ಒಂದೂವರೆ ಗಂಟೆ! ಇವರು ಬಂದಾಗ ಹನ್ನೆರಡು ದಾಟಿತ್ತು. ಬುಟ್ಟಿ ಎತ್ತಿಕೊಂಡು ಆಟೋ ಹತ್ತಿದೆ.

ನಾನು ತಲುಪಿದಾಗ ಎರಡು ಗಂಟೆ. ಶಾಮಿಯಾನದ ಕೆಳಗೆ ಕೊನೆಯ ಪಂಕ್ತಿಯ ಎಲೆ ಎತ್ತುತ್ತಿದ್ದರು. ಮಗಳ ಎರಡು ಕೈಯಲ್ಲೂ ಮೊಣಕೈವರೆಗೆ ಬಳೆ. ಮೊದಲ ಬಳೆ ಅವಳ ಅತ್ತೆ ತೊಡಿಸಿದ್ದರು.

"ಟ್ರಾಫಿಕ್ಕಾ ಅಮ್ಮ?" ಅಂದಳು.

"ಹ್ಞೂಂ."

"ಅಪ್ಪ ಬೆಳಿಗ್ಗೇನೇ ಬಂದಿದ್ರಲ್ಲ. ಜೊತೇಲಿ ಬರಕ್ಕೆ ಏನಾಗಿತ್ತು ನಿಂಗೆ?"

ಸುತ್ತ ಬೀಗರ ಹೆಂಗಸರು. ಹೇಳುವ ಹಾಗಿರಲಿಲ್ಲ. ನಾನು ಸೆರಗು ಸರಿಮಾಡಿಕೊಂಡೆ. ಮಗಳು ತಲೆ ತಗ್ಗಿಸಿ ಬಳೆಗಳನ್ನು ನೋಡುತ್ತ ಹೇಳಿದಳು, "ಬಾಣಂತನ ಅತ್ತೇನೇ ಮಾಡ್ತಾರಂತೆ. ನಿಂಗೆ ತೊಂದ್ರೆ ಬೇಡ ಬಿಡಮ್ಮ."

ಚೊಚ್ಚಿಲ ಬಾಣಂತನ ತಾಯಿಯ ಮನೆಯದು. ಅದನ್ನು ಕಳೆದುಕೊಂಡ ತಾಯಿ ಎಂದರೆ ನಮ್ಮಲ್ಲಿ ಸತ್ತವಳು ಅಥವಾ ಮಗಳ ಜೊತೆ ಜಗಳವಾಡಿದವಳು. ನಾನು ಎರಡೂ ಅಲ್ಲ. ವಾಪಸ್ಸು ಬರುವಾಗ ಆಟೋದಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಅದಾಗಿ ಮೂರು ವಾರಕ್ಕೆ ಸ್ಟೇಷನ್ನಿನಿಂದ ಒಬ್ಬ ಕಾನ್‌ಸ್ಟೇಬಲ್ ನೋಟಿಸು ಹಿಡಿದು ಬಂದ. ಇವರು ಮನೆಯಲ್ಲಿರಲಿಲ್ಲ. ಎಲೆಕ್ಷನ್ ಬರುತ್ತಿದೆ, ಲೈಸೆನ್ಸ್ ಇರುವವರೆಲ್ಲ ಆಯುಧವನ್ನು ಸ್ಟೇಷನ್ನಿಗೆ ಒಪ್ಪಿಸಬೇಕು, ರಿಸಲ್ಟ್ ಆದ ಮೇಲೆ ವಾಪಸ್ಸು ಅಂದ. ನನ್ನ ಮುಖ ಅರಳಿದ್ದು ಅವನಿಗೂ ಕಾಣಿಸಿರಬೇಕು.

"ಯಾಕಮ್ಮ, ಅಷ್ಟು ಖುಷಿ?"

"ಮನೆ ಬಿಟ್ಟು ಓಗೋ ಅಂಗಿಲ್ವಲ್ಲಪ್ಪ, ಇದನ್ನ ಕಾಯ್ಕೊಂಡು ಕೂತಿವ್ನಿ."

"ಅದಕ್ಯಾಕಮ್ಮ ಕಾಯ್ಬೇಕು? ಊರಿಗೆ ಗೀರಿಗೆ ಹೋಗೋ ಹಾಗಿದ್ರೆ ಗನ್ ಅಂಗಡೀಲೇ ಇಟ್ಟು ರಸೀದಿ ತಗೋಬಹುದು. ನಿಮ್ ಯಜಮಾನ್ರಿಗೆ ಗೊತ್ತಲ್ಲ, ವೆರಿಫಿಕೇಷನ್‌ಗೆ ಬಂದಾಗ ನಾನೇ ಹೇಳಿದ್ದೆ."

ಮೈಯೆಲ್ಲ ಉರಿದುಹೋಯಿತು. ಇವರು ಬಂದು, ಕೈಕಾಲು ತೊಳೆದು, ಮುದ್ದೆ ಮುರಿಯುವವರೆಗೆ ಕಾದೆ.

"ಅಂಗಡೀಲಿ ಇಡಬೋದಂತೆ. ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಸೀಮಂತದ ದಿನಾನೂ?"

ಅವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಸುಳ್ಳು ಹೇಳುವ ಮನುಷ್ಯ ಅಲ್ಲ, ಕೆಟ್ಟವರೂ ಅಲ್ಲ. ಸಾರಿಗೆ ಕೈ ಚಾಚುತ್ತ ಹೇಳಿದರು, "ಒಂದಿನಕ್ಕೋಸ್ಕರ ಅಷ್ಟು ದೂರ ಯಾರು ಓಯ್ತಾರೆ ಕಣೆ? ನೀನು ಎಂಗೂ ಮನೇಲೇ ಇರ್ತೀಯಲ್ಲ."

ಎಂಟು ತಿಂಗಳು ನಾನು ಆ ಕಬ್ಬಿಣದ ಪೆಟ್ಟಿಗೆಗೆ ಶಾಪ ಹಾಕಿದ್ದೆ. ಅದರದ್ದೇನೂ ತಪ್ಪಿರಲಿಲ್ಲ. ನಾನು ಸಾರು ಬಡಿಸಲಿಲ್ಲ. ಎದ್ದು ಹೋಗಿ ಹಿತ್ತಲಲ್ಲಿ ಕೂತೆ.

ರಿವಾಲ್ವರ್ ಸ್ಟೇಷನ್ನಿಗೆ ಹೋದ ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಮಗಳ ಮನೆಗೆ ಹೋದೆ. ಅವಳು ಜಗಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅತ್ತೆ ಹೂವಿನ ತೋಟಕ್ಕೆ ಹೋಗಿದ್ದರು. ಪಕ್ಕದಲ್ಲಿ ಕೂತು, ಯಾರಿಗೂ ಹೇಳಬಾರದೆಂದು ಇಷ್ಟು ದಿನ ನುಂಗಿಕೊಂಡಿದ್ದನ್ನೆಲ್ಲ ಹೇಳಿದೆ. ಶಿಫ್ಟಿನ ಕಥೆ ಹೇಳಿದೆ. ಹತ್ತರಿಂದ ಹನ್ನೆರಡರವರೆಗೆ ಬುಟ್ಟಿ ಹಿಡಿದು ಕೂತದ್ದನ್ನು ಹೇಳಿದೆ. ಅಂಗಡಿಯಲ್ಲಿ ಇಡಬಹುದಿತ್ತು ಅನ್ನುವುದು ಅಪ್ಪನಿಗೆ ಗೊತ್ತಿತ್ತು ಎಂದೂ ಹೇಳಿದೆ. ಈಗ ಅಪ್ಪನ ಮೇಲೆ ಕೆಂಡಕಾರುತ್ತಾಳೆ, ನನ್ನನ್ನು ತಬ್ಬಿಕೊಳ್ಳುತ್ತಾಳೆ, ಬಾಣಂತನಕ್ಕೆ ನಿನ್ನ ಮನೆಗೇ ಬರುತ್ತೇನಮ್ಮ ಅನ್ನುತ್ತಾಳೆ ಎಂದುಕೊಂಡಿದ್ದೆ.

ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಸಿಟ್ಟು ಇರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುವವಳ ಹಾಗೆ ಕೇಳಿದಳು.

"ಆಟೋ ಬಾಗಿಲಲ್ಲೇ ಇತ್ತಲ್ಲ ಅಮ್ಮ. ಮನೆಗೆ ಬೀಗ ಹಾಕಿ ಬಂದುಬಿಡಬಹುದಿತ್ತಲ್ಲ?"

ಕೇಸು, ಜೈಲು ಎಂದೆಲ್ಲ ಹೇಳಲು ಬಾಯಿ ತೆರೆದೆ. ಆ ದಿನ ನನ್ನ ತಲೆಯಲ್ಲಿ ಕೇಸೂ ಇರಲಿಲ್ಲ, ಜೈಲೂ ಇರಲಿಲ್ಲ. ಇರು ಅಂದಿದ್ದರು, ಇದ್ದೆ.

"ಬರಬೋದಿತ್ತು" ಅಂದೆ.

ಅವಳು ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ಬಾಣಂತನದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.